ಬಿಜಲಿ ಪಡಸಾಲೆಯಲ್ಲಿದ್ದ ಮಳೆಗಾಲ

ಒಂದು ಮಳೆಗಾಲ ನಮ್ಮ ಮನೆಯ ಪಡಸಾಲೆಯಲ್ಲಿ ಕುದುರೆ ಇತ್ತು, ಕುದುರೆಯ ಛಪ್ಪರದಲ್ಲಿ ನಾವಿದ್ದೆವು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ, ಮೊದಮೊದಲು ನಾವೂ ನಕ್ಕಿದ್ದೆವು. ಚೌಡಾಪುರದ ನಮ್ಮ ಮನೆ ದೊಡ್ಡದೇನೂ ಅಲ್ಲ. ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದಿನ ಪರಸಿ ಕಲ್ಲು, ಮುಂದೆ ಒಂದು ಪಡಸಾಲೆ, ಹಿಂದೆ ಒಂದು ಅಡುಗೆಮನೆ. ಅಡುಗೆಮನೆಯ ಒಂದು ಮೂಲೆಯಲ್ಲಿ ಒಲೆ, ಎದುರು ಮೂಲೆಯಲ್ಲಿ ದೇವರ ಜಗಲಿ, ನಡುವೆ ಜೋಳದ ಚೀಲ. ಕಿಟಕಿ ಅನ್ನುವುದು ಇರಲೇ ಇಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಅಷ್ಟೇ. ಹೊರಗೆ ಹೋಗಲು ಇಡೀ ಮನೆಗೆ ಇದ್ದದ್ದು ಒಂದೇ ಬಾಗಿಲು, ಅದೂ ಪಡಸಾಲೆಗೆ. ಅಂಗಳದ ಬೇವಿನ ಗಿಡದ ಕೆಳಗೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ ಛಪ್ಪರವಿತ್ತು. ಅದು ನಮ್ಮ ಕುದುರೆ ಬಿಜಲಿಯ ಜಾಗ. ಪಕ್ಕದಲ್ಲಿ ಟಾಂಗಾ ಮೂಗು ನೆಲಕ್ಕೂರಿ ನಿಂತಿರುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಮತ್ತು ನಾನು. ಅಪ್ಪನ ತಾಯಿಯನ್ನು ಅಪ್ಪನಿಂದ ಹಿಡಿದು ಓಣಿಯ ಕೂಸುಗಳವರೆಗೆ ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು.

ರಸ್ತೆಗೆ ಬಸ್ಸಿಳಿದ ಯಾತ್ರಿಕರನ್ನು ಗಾಣಗಾಪುರಕ್ಕೆ ಒಯ್ಯುವುದು, ದರ್ಶನವಾದ ಮೇಲೆ ತಿರುಗಿ ತಂದು ಬಿಡುವುದು, ಇದು ಅಪ್ಪನ ಕಸುಬು. ಬಿಜಲಿಯನ್ನು ಅವನು ತಂದದ್ದು ಜೇವರ್ಗಿಯಿಂದ, ಟಾಂಗಾ ಹೊಡೆಯುವುದು ಸಾಕೆಂದು ಕೈಬಿಟ್ಟ ಒಬ್ಬ ಮುದುಕನ ಹತ್ತಿರ. ಹೆಸರು ಬಿಜಲಿಯಾದರೂ ಮಿಂಚಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಏರು ಬಂದರೆ ನಿಂತು ಯೋಚಿಸುವ ಕುದುರೆ ಅದು. ಅಪ್ಪ ಮಾತ್ರ ಎಂದೂ ‘ಅದು’ ಅನ್ನಲಿಲ್ಲ, ‘ಆಕಿ’ ಅಂದ. ಹಾಗಾಗಿ ನಮಗೂ ಅವಳೇ ಆದಳು. ತಂದ ದಿನ ಸ್ಟ್ಯಾಂಡಿನ ಟಾಂಗಾದವರೆಲ್ಲ ಬಂದು ಸುತ್ತ ನಿಂತರು. ಕುದುರೆ ಬಲ್ಲವರು ಮೊದಲು ಹಲ್ಲು ನೋಡುತ್ತಾರೆ, ಆಮೇಲೆ ಕಣ್ಣಿನ ಮೇಲ್ಗಡೆ ಹೆಬ್ಬೆರಳಿಟ್ಟು ಒತ್ತುತ್ತಾರೆ. ಅಲ್ಲಿ ಎರಡೂ ಕಡೆ ಒಂದೊಂದು ತಗ್ಗು ಇರುತ್ತದೆ. ಹರೆಯದ ಕುದುರೆಗೆ ಅದು ಇದ್ದೂ ಇಲ್ಲದಂತೆ, ವಯಸ್ಸಾದಂತೆ ಆಳವಾಗುತ್ತ ಹೋಗುತ್ತದೆ. ಬಿಜಲಿಯ ಗುಂಡಿಗಳಲ್ಲಿ ನನ್ನ ಹೆಬ್ಬೆರಳು ಪೂರ್ತಿ ಕೂರುತ್ತಿತ್ತು. ಅಪ್ಪನ ಜೀವದ ಗೆಳೆಯ ಖಾಸಿಂ ಚಾಚಾ ಒತ್ತಿ ನೋಡಿ ಎಲ್ಲರಿಗೂ ಕೇಳುವಂತೆ ಅಪ್ಪನಿಗೆ ಹೇಳಿದ.

“ಅರೇ ಬಸಣ್ಣ, ಈ ಗುಂಡ್ಯಾಗ ಎಣ್ಣಿ ಹಾಕಿ ಬತ್ತಿ ಇಟ್ರ ನಿನ್ನ ಟಾಂಗಾಕ್ಕ ಕಂದೀಲೇ ಬೇಕಾಗಿಲ್ಲ ನೋಡು!”

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಆದರೆ ಆ ಮಾತು ಅವನಿಗೆ ನಾಟಿತ್ತು. ಮರುದಿನದಿಂದಲೇ ಮುಂಜಾನೆ ಬಿಜಲಿಯ ಮೈ ತಿಕ್ಕುವಾಗ ಬೆರಳಿಗೆ ಒಂದು ಹನಿ ಕುಸುಬೆ ಎಣ್ಣೆ ಹಚ್ಚಿಕೊಂಡು ಆ ಎರಡು ಗುಂಡಿಗಳನ್ನು ನೀವುತ್ತಿದ್ದ. ನೆನೆಸಿದ ಕಡಲೆ, ಅದರ ಮೇಲೆ ಒಂದು ಚೂರು ಬೆಲ್ಲ. ಆ ಬೆಲ್ಲ ನನ್ನ ಕಣ್ಣೆದುರೇ ಕುದುರೆಯ ಬಾಯಿಗೆ ಹೋಗುವುದನ್ನು ನೋಡಿ ನಾನು ಅತ್ತದ್ದುಂಟು. ತಿಂದರೆ, ತಿಕ್ಕಿದರೆ ಗುಂಡಿ ತುಂಬುತ್ತದೆ, ಬಿಜಲಿ ಮತ್ತೆ ಹರೆಯಕ್ಕೆ ಬರುತ್ತಾಳೆ ಎಂದು ಅಪ್ಪ ನಂಬಿದ್ದ. ಆಯಿ ರೊಟ್ಟಿ ತಟ್ಟುತ್ತ ಹಂಗಿಸುತ್ತಿದ್ದಳು.

“ಹೇಣ್ತಿ ಗಲ್ಲಾ ಒಣಗ್ಯಾವ, ಅದನ್ನ ನೋಡವಲ್ಲ. ಕುದ್ರಿ ಗುಂಡಿ ತುಂಬ್ಸಾಕತ್ಯಾನ!”

ಅವ್ವ ಆಗ ಬಸುರಿ. ಆಯಿ ಹೇಳಿದ್ದು ಸುಳ್ಳೇನಲ್ಲ, ಅವ್ವನ ಗಲ್ಲ ಒಣಗಿದ್ದವು. ನನ್ನ ಬೆನ್ನಿಗೆ ಹುಟ್ಟಿದ ಎರಡು ಗಂಡು ಕೂಸುಗಳು ಉಳಿದಿರಲಿಲ್ಲ. ಆ ಹೆದರಿಕೆ ಮನೆಯಲ್ಲಿ ಸದಾ ಇರುತ್ತಿತ್ತು, ಅದರ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಕುದುರೆಗಳು ಸಾಯುತ್ತಿವೆ ಎಂಬ ಸುದ್ದಿ ಬಂದದ್ದು ಮಳೆ ಹಿಡಿದ ಮೇಲೆ. ಮೊದಲು ಅಫಜಲಪುರದ ಕಡೆ ಎಂದರು, ಆಮೇಲೆ ಅತನೂರಿನಲ್ಲಿ ಗೌಡರ ಕುದುರೆ ಹೋಯಿತು ಎಂದರು, ಆಮೇಲೆ ಗೊಬ್ಬೂರು. ಆಳಂದದ ತವರಿನಿಂದ ಬಂದ ಆಯಿಯ ತಮ್ಮ ಅಲ್ಲೂ ಅದೇ ಕಥೆ ಎಂದ. ನಾವು ಇದನ್ನೆಲ್ಲ ಬೇರೆಯವರ ಮನೆಯ ಸಾವು ಕೇಳಿದ ಹಾಗೆ ಕೇಳಿ ಊಟ ಮಾಡಿದೆವು. ಒಂದು ಮುಂಜಾನೆ ಖಾಸಿಂ ಚಾಚಾನ ಕುದುರೆ, ಸ್ಟ್ಯಾಂಡಿನಲ್ಲೇ ಎಲ್ಲಕ್ಕಿಂತ ಜೋರಿನ ಕುದುರೆ, ಟಾಂಗಾಕ್ಕೆ ಹೂಡುವಷ್ಟರಲ್ಲಿ ಕೆಮ್ಮಿತು. ಮಧ್ಯಾಹ್ನದ ಹೊತ್ತಿಗೆ ಅದರ ಎರಡೂ ಹೊಳ್ಳೆಗಳಿಂದ ನೊರೆ ಬರತೊಡಗಿತು, ಹಾಲು ಉಕ್ಕಿದ ಹಾಗೆ ಬಿಳಿ ನೊರೆ. ಸಂಜೆಗೆ ಸತ್ತಿತು. ಅಪ್ಪ ಅಂದು ಉಣ್ಣಲಿಲ್ಲ.

ಅಫಜಲಪುರದಿಂದ ದನದ ಡಾಕ್ಟರು ಬಂದು ಸ್ಟ್ಯಾಂಡಿನ ಹುಣಸೆ ಗಿಡದ ಕೆಳಗೆ ಎಲ್ಲ ಟಾಂಗಾದವರನ್ನು ಕೂಡಿಸಿದರು. ನಾನು ಅಪ್ಪನ ಧೋತರದ ಚುಂಗು ಹಿಡಿದು ನಿಂತಿದ್ದೆ. ಡಾಕ್ಟರು ತೆಳ್ಳಗಿನ, ಮಾತು ಮೆತ್ತಗಿನ ಮನುಷ್ಯ.

“ನೋಡ್ರಿ, ಈ ಬ್ಯಾನಿ ಮುಟ್ಟಿದ್ರ ಬರೂದಲ್ಲ. ನೊರಜು ಕಡ್ದು ಬರ್ತದ. ಸಂಜೀಕ ಹೊತ್ತು ಮುಣಗೂಕಿಂತ ಮೊದ್ಲೇ ಕುದ್ರಿ ಒಳಗ ಹಾಕ್ರಿ, ಮುಂಜಾನಿ ಬಿಸಲು ಬೀಳೂತನಕ ಹೊರಗ ತರಬ್ಯಾಡ್ರಿ. ಬಾಗಲದಾಗ ಬೇವಿನ ತಪ್ಪಲ ಹೊಗಿ ಹಾಕ್ರಿ. ಒಂದೂರ ಕುದ್ರಿ ಇನ್ನೊಂದೂರಿಗೆ ಮಾರಾಕ ಒಯ್ಯಬ್ಯಾಡ್ರಿ. ಜ್ವರ ಬಂದ್ರ, ಮಾರಿ ಬಾತ್ರ ನನಗ ಹೇಳಿ ಕಳಸ್ರಿ. ಸೂಜಿ ಇನ್ನಾ ಬಂದಿಲ್ಲ. ಬಂತಂದ್ರ ನಾನೇ ಬಂದು ಚುಚ್ಚತೇನಿ.”

“ಒಳಗ ಅಂದ್ರ ಎಲ್ಲಿ ಸಾಹೇಬ್ರೆ? ನಮಗೇ ಒಳಗಿಲ್ಲ,” ಅಂದ ಖಾಸಿಂ ಚಾಚಾ. ಅವನ ಕುದುರೆ ಆಗಲೇ ಹೋಗಿತ್ತು, ಆದರೂ ಬಂದು ನಿಂತಿದ್ದ. ಡಾಕ್ಟರು ಅವನ ಮುಖ ನೋಡಿ ತಲೆ ಬಗ್ಗಿಸಿದರು.

ಅಪ್ಪ ಮನೆಗೆ ಬಂದವನೇ ಬಿಜಲಿಯ ಹಗ್ಗ ಬಿಚ್ಚಿ ಪಡಸಾಲೆಗೆ ತಂದ. ಬಾಗಿಲಲ್ಲಿ ಅವಳು ತಲೆ ತಗ್ಗಿಸಬೇಕಾಯಿತು. ಪರಸಿಯ ಮೇಲೆ ಗೊರಸಿನ ಸದ್ದು ಕೇಳಿ ಆಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಂದು ನಮ್ಮ ಮನೆಯಲ್ಲಿ ನಡೆದ ಜಗಳ ಓಣಿಗೆಲ್ಲ ಕೇಳಿಸಿತು. ದೇವರ ಜಗಲಿಯ ಮುಂದೆ ಕುದುರೆ ಉಚ್ಚೆ ಹೊಯ್ಯುತ್ತದೆ, ಬಸುರಿ ಹೆಂಗಸು ಅದರ ಹೊಟ್ಟೆಯ ಕೆಳಗೆ ಹಾದು ನೀರಿಗೆ ಹೋಗಬೇಕೇನು ಎಂದೆಲ್ಲ ಆಯಿ ಕೂಗಾಡಿದಳು. ಅಪ್ಪ ಗೋಡೆಗೆ ಗೂಟ ಬಡಿಯುತ್ತಲೇ ಇದ್ದ. ಕೊನೆಗೆ ಅವ್ವ ಹೊಟ್ಟೆ ಹಿಡಿದುಕೊಂಡು ಎದ್ದು ಬಂದು ನಡುವೆ ನಿಂತಳು.

“ಆಯಿ, ಆಕಿ ಇದ್ರ ನಾವ್ ಉಣ್ತೇವಿ. ಇರ್ಲಿ ಬಿಡ್ರಿ.”

ಹೀಗೆ ಅದಲುಬದಲಾಯಿತು. ಕತ್ತಲಾಗುವ ಮುಂಚೆ ಬಿಜಲಿ ಒಳಗೆ, ಅವ್ವ ಅಡುಗೆಮನೆಯಲ್ಲಿ, ಆಯಿ ಅಪ್ಪ ನಾನು ಹೊರಗೆ ತಗಡಿನ ಕೆಳಗೆ. ಹೊಸ್ತಿಲಲ್ಲಿ ಒಂದು ಒಡಕು ಕಬ್ಬಿಣದ ಬುಟ್ಟಿಯಲ್ಲಿ ಸಗಣಿಯ ಕುಳ್ಳು ಇಟ್ಟು ಮೇಲೆ ಹಸಿ ಬೇವಿನ ತಪ್ಪಲು ಹಾಕಿ ಹೊಗೆ ಮಾಡುವುದು ನನ್ನ ಕೆಲಸ. ನೊರಜು ಅಂದರೆ ಸೊಳ್ಳೆಗಿಂತ ಸಣ್ಣದು, ಸಾಸಿವೆಗಿಂತಲೂ ಸಣ್ಣದು. ಹಗಲೆಲ್ಲ ಎಲ್ಲಿರುತ್ತಿದ್ದವೋ, ಮಳೆ ನಿಂತ ಸಂಜೆ ಗಾಳಿಯೂ ಆಡದಿದ್ದರೆ ಅಂಗಳದ ರಾಡಿಯ ಮೇಲೆ ಹಿಂಡುಹಿಂಡಾಗಿ ಎದ್ದು ಬರುತ್ತಿದ್ದವು. ಒಳಗಿದ್ದ ಬಿಜಲಿ ಸಿಗದ್ದಕ್ಕೆ ನಮ್ಮನ್ನು ಕಡಿದವು. ನನ್ನ ಮೈಯೆಲ್ಲ ದದ್ದು. ನಮ್ಮ ಊಟದ ಪುಂಡಿಪಲ್ಯಕ್ಕೂ ರೊಟ್ಟಿಗೂ ಬೇವಿನ ಹೊಗೆಯ ಕಹಿ ಹತ್ತಿತ್ತು. ಅವ್ವ ಕೆಮ್ಮುತ್ತ ಅಡುಗೆ ಮಾಡುತ್ತಿದ್ದಳು, ಪಡಸಾಲೆಯಿಂದ ಬಿಜಲಿಯೂ ಸೀನುತ್ತಿದ್ದಳು, ಇಬ್ಬರೂ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಆಯಿ ನಗೆಯಾಡುವಷ್ಟು ಮೆತ್ತಗಾಗಿದ್ದಳು. ಸ್ಟ್ಯಾಂಡಿನ ಕುದುರೆಗಳು ಒಂದೊಂದಾಗಿ ಇಲ್ಲವಾದವು. ಬಿಜಲಿ ಉಳಿದಳು. ಆ ದಿನಗಳಲ್ಲಿ ಅಪ್ಪನ ನಡಿಗೆಯೇ ಬೇರೆಯಾಗಿತ್ತು. ಡಾಕ್ಟರು ಹೇಳಿದ್ದನ್ನು ಅಕ್ಷರ ತಪ್ಪದೆ ಮಾಡಿದವನು ತಾನೊಬ್ಬನೇ ಎಂಬ ಹೆಮ್ಮೆ, ಪಾಪ, ಅವನಿಗೆ ಇತ್ತು.

ಆಗ ನನ್ನ ತಮ್ಮ ಹುಟ್ಟಿದ. ಗಾಣಗಾಪುರದ ದೇವರ ಹೆಸರಿನಲ್ಲಿ ದತ್ತು ಎಂದು ಹೊಟ್ಟೆಯಲ್ಲಿದ್ದಾಗಲೇ ಹೆಸರಾಗಿತ್ತು. ಅವ್ವನ ಹೊರಸು ಅಡುಗೆಮನೆಯಲ್ಲಿ, ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಹುಟ್ಟಿದ ಐದನೆಯ ದಿನ ಸಂಜೆ ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಅಂದು ಅಡುಗೆಮನೆ ಸಾರಿಸಿ, ಬೀಸುವ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ, ದೀಪ ಇಟ್ಟು ಬಾಗಿಲು ತೆರೆದಿಡಬೇಕು. ಆಯಿ ಬೆಳಗಿನಿಂದಲೇ ಒಂದು ಮಾತು ಹಿಡಿದಿದ್ದಳು.

“ಇವತ್ತ ಸಂಜೀಕ ಕುದ್ರಿ ಒಳಗ ಬ್ಯಾಡ. ಬಾಗಲ ತುಂಬ ಅದು ನಿಂತ್ರ ಸಟವಿ ಹ್ಯಾಂಗ ದಾಟಿ ಬರ್ತಾಳ? ಹೊಗೀನೂ ಬ್ಯಾಡ. ಕಣ್ಣಾಗ ಹೊಗಿ ಹೋದ್ರ ಆಕಿ ಸೊಟ್ಟ ಬರೀತಾಳ.”

“ಆಯಿ, ಡಾಕ್ಟರ್ ಏನಂದಾರ ಗೊತ್ತದಲ್ಲ.”

“ಡಾಕ್ಟರ್ ಕುದ್ರಿಗಿ ಹೇಳ್ಯಾನ, ಕೂಸಿಗಲ್ಲ. ಎರಡು ಕೂಸು ಮಣ್ಣಿಗಿ ಕೊಟ್ಟಿ ಬಸ್ಯಾ. ಒಂದು ಸಂಜಿ ಹೊರಗ ನಿಂತ್ರ ಕುದ್ರಿ ಸಾಯಂಗಿಲ್ಲ. ಹಣಿಬರ ಸೊಟ್ಟಾತಂದ್ರ ನೀ ಅಳಸ್ತೇನು?”

ಅಪ್ಪ ಅವ್ವನ ಕಡೆ ನೋಡಿದ. ಮೊದಲಿನ ಜಗಳದಲ್ಲಿ ನಡುವೆ ಬಂದವಳು ಅವಳೇ. ಈ ಸಲ ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಅಪ್ಪ ಹಗ್ಗ ಬಿಚ್ಚಿದ.

ಆ ಸಂಜೆ ಹುಚ್ಚು ಹಿಡಿಸುವಷ್ಟು ಚೆಂದವಿತ್ತು. ಮಳೆ ನಿಂತು ಆಕಾಶ ತೊಳೆದಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಪ್ಪ ಬೇವಿನ ಟೊಂಗೆ ಮುರಿದುಕೊಂಡು ಬಿಜಲಿಯ ಪಕ್ಕ ನಿಂತು ಬೀಸುತ್ತಲೇ ಇದ್ದ, ಮೊದಲು ಹೊಟ್ಟೆಯ ಕೆಳಗೆ, ಆಮೇಲೆ ಕುತ್ತಿಗೆಗೆ, ಮತ್ತೆ ಹೊಟ್ಟೆಗೆ. ಒಳಗಿನಿಂದ ನನಗೆ ಆ ಸದ್ದು ಕೇಳುತ್ತಿತ್ತು. ದೀಪ ಹಚ್ಚಿದ ಮೇಲೆ ಕೂಸಿನ ತಂದೆ ಬಂದು ಕಲ್ಲಿಗೆ ಕೈಮುಗಿದು ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಬೇಕು. ಆಯಿ ಕರೆದಳು, ಮತ್ತೆ ಕರೆದಳು. ಅಪ್ಪ ತನ್ನ ಕಂಬಳಿಯನ್ನು ಬಿಜಲಿಗೆ ಹೊದಿಸಿ ಒಳಗೆ ಬಂದ. ಹೊರಗೆ ಅವಳು ಬಾಲ ಬಡಿಯುವುದು, ಗೊರಸು ಊರುವುದು ಕೇಳುತ್ತಿತ್ತು. ಅಂದು ಊಟಕ್ಕೆ ಗೋಧಿ ಹುಗ್ಗಿ ಇತ್ತು. ಬಹಳ ದಿನಗಳ ಮೇಲೆ ಹೊಗೆಯಿಲ್ಲದ ಊಟ. ಅದರ ರುಚಿ ಇಂದಿಗೂ ನನ್ನ ನಾಲಗೆಯ ಮೇಲಿದೆ, ಅದಕ್ಕೇ ನಾನು ಹುಗ್ಗಿ ತಿನ್ನುವುದಿಲ್ಲ.

ಒಂದು ವಾರ ಕಳೆದಿತ್ತೋ ಏನೋ. ಬಿಜಲಿ ಮತ್ತೆ ಪಡಸಾಲೆಯಲ್ಲಿ, ಹೊಗೆ ಮತ್ತೆ ಹೊಸ್ತಿಲಲ್ಲಿ. ನಾನಿನ್ನೂ ಎದ್ದಿರಲಿಲ್ಲ, ಅಪ್ಪನ ಕೂಗು ಕೇಳಿತು. ಅವನು ಅಷ್ಟು ಸಂತೋಷದಿಂದ ನನ್ನ ಹೆಸರು ಕರೆದದ್ದು ಅದಕ್ಕಿಂತ ಮುಂಚೆ ಇಲ್ಲ, ಆಮೇಲೂ ಇಲ್ಲ.

“ಭಾಗೂ, ಏ ಭಾಗೂ, ಓಡಿ ಬಾ ಇಲ್ಲಿ! ನಿನ್ನ ಹೆಬ್ಬಟ್ಟ ಕೊಡು.”

ನನ್ನ ಹೆಬ್ಬೆರಳು ಹಿಡಿದು ಬಿಜಲಿಯ ಕಣ್ಣಿನ ಮೇಲೆ ಇಟ್ಟ. ಗುಂಡಿ ಇರಲಿಲ್ಲ. ಅಲ್ಲಿ ಮೆತ್ತಗೆ, ಬೆಚ್ಚಗೆ, ಉಬ್ಬಿ ಬಂದಿತ್ತು. ಇನ್ನೊಂದು ಕಡೆಯೂ ಹಾಗೆಯೇ.

“ತುಂಬ್ಯಾವ, ಹೌದಲ್ಲ?”

“ಹೌದಪ್ಪ, ತುಂಬ್ಯಾವ.”

ಬಿಜಲಿಯ ಮುಖ ನಿಜವಾಗಿಯೂ ಬದಲಾಗಿತ್ತು. ಮುದುಕಿಯ ಕಳೆ ಹೋಗಿ ಎಳೆಯ ಹೆಣ್ಣುಕುದುರೆಯಂತೆ ದುಂಡಗೆ ಕಾಣುತ್ತಿದ್ದಳು. ಆಯಿ ಬಂದು ನೋಡಿ ಕೆನ್ನೆಗೆ ಕೈ ಹಚ್ಚಿಕೊಂಡಳು. ಅವ್ವ ಕೂಸನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲವರೆಗೆ ಬಂದು ಇಣುಕಿ ನಕ್ಕಳು.

“ಸಟವಿ ನಮ್ಮ ಕೂಸಿಗಷ್ಟೇ ಅಲ್ಲ, ಕುದ್ರಿಗೂ ಬರ್ದು ಹೋಗ್ಯಾಳ ನೋಡ್ರಿ,” ಅಂದಳು ಆಯಿ.

ಅಪ್ಪ ಅಂದು ಬಿಜಲಿಗೆ ಗೆಜ್ಜೆ ಕಟ್ಟಿ, ಟಾಂಗಾ ತೊಳೆದು ಸ್ಟ್ಯಾಂಡಿಗೆ ಒಯ್ದ. ಎಲ್ಲರ ಹೆಬ್ಬೆರಳನ್ನೂ ಅವಳ ಕಣ್ಣ ಮೇಲೆ ಇಡಿಸಿದನಂತೆ. ಖಾಸಿಂ ಚಾಚಾ ಒತ್ತಿ ನೋಡಿ, ಮುದುಕಿ ಜವಾನ್ ಆಗ್ಯಾಳೋ ಬಸಣ್ಣ, ಎಂದು ಅಪ್ಪನನ್ನು ತಬ್ಬಿಕೊಂಡನಂತೆ. ಅವರೆಲ್ಲ ನೋಡಿದ್ದು ನೊರೆ ಕಾರಿ ಒಂದೇ ದಿನದಲ್ಲಿ ಸತ್ತ ಕುದುರೆಗಳನ್ನು. ಮಾರಿ, ಅಂದರೆ ಮುಖ, ಬಾತುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದಾಗ ಎಲ್ಲರ ಮನಸ್ಸಿಗೆ ಬಂದದ್ದು ಗಡಿಗೆಯಂತೆ ಊದಿದ ಮುಖ. ಬಾವು ಮೊದಲು ಬರುವುದು ಆ ಎರಡು ಸಣ್ಣ ಗುಂಡಿಗಳಲ್ಲಿ, ಅದೂ ಅವಳಿಗೆ ಹರೆಯ ತಂದುಕೊಟ್ಟು, ಎಂದು ಯಾರಿಗೆ ಹೊಳೆಯಬೇಕು? ಕುದುರೆ ಅರಿಯದವನಿಗಾದರೆ ಅಲ್ಲಿ ಗುಂಡಿ ಇತ್ತೆಂಬುದೇ ಗೊತ್ತಿರುತ್ತಿರಲಿಲ್ಲ. ಬಲ್ಲವರಾದ್ದರಿಂದಲೇ ಅವರು ಸಂತೋಷಪಟ್ಟರು. ಸಂಜೆಯವರೆಗೆ ಅಪ್ಪ ಯಾತ್ರಿಕರನ್ನು ಕೂರಿಸಿಕೊಂಡು ಹೋಗಿ ಬಂದ.

ಮರುದಿನ ಬಿಜಲಿ ಕಡಲೆ ಮೂಸಿ ಬಿಟ್ಟಳು. ರೆಪ್ಪೆಗಳು ಬಾತು ಕಣ್ಣೊಳಗಿನ ಕೆಂಪು ಹೊರಬಂದಿತ್ತು. ಮಧ್ಯಾಹ್ನಕ್ಕೆ ತುಟಿ, ಆಮೇಲೆ ಕುತ್ತಿಗೆ. ಕಾಲು ಅಗಲಿಸಿ ಗೋಡೆಗೆ ಒರಗಿ ನಿಂತಳು. ಅಪ್ಪ ಬಸ್ಸಿನ ಕಂಡಕ್ಟರನ ಕೈಯಲ್ಲಿ ಡಾಕ್ಟರಿಗೆ ಹೇಳಿ ಕಳಿಸಿದ. ಅದರ ಮರುದಿನ ಅವರು ಬರುವಷ್ಟರಲ್ಲಿ ಅವಳು ಪಡಸಾಲೆಯಲ್ಲೇ ಉರುಳಿದ್ದಳು, ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು. ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದು ಕುಕ್ಕರಗಾಲಲ್ಲಿ ಕೂತು ಅವಳ ಕಣ್ಣಿನ ಮೇಲೆ ಹೆಬ್ಬೆರಳಿಟ್ಟರು.

“ಇವು ತುಂಬಿದ್ದು ಯಾವಾಗ್ರಿ?”

“ಮೊನ್ನಿ ಮುಂಜಾನಿ, ಸಾಹೇಬ್ರೆ. ಎಷ್ಟು ಛಂದ ತುಂಬಿದ್ವು...” ಅಪ್ಪನ ದನಿಯಲ್ಲಿ ಆಗಲೂ ಒಂದು ಸಣ್ಣ ಹೆಮ್ಮೆ ಇತ್ತು. ಡಾಕ್ಟರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಅವರು ಹೆಬ್ಬೆರಳು ತೆಗೆದು ಅವಳ ಕುತ್ತಿಗೆ ಸವರಿದರು.

“ಅದೇ ಬ್ಯಾನಿರಿ, ಬಸಣ್ಣ. ಅವತ್ತೇ ಹೇಳಿದ್ರೂ ನನ್ನ ಕೈಯಾಗ ಏನಿದ್ದಿಲ್ಲ. ಆದ್ರ ಟಾಂಗಾಕ್ಕ ಕಟ್ಟಬಾರದಿತ್ತು.”

ಬಿಜಲಿ ಸತ್ತಳು. ಬದುಕಿದ್ದಾಗ ತಲೆ ತಗ್ಗಿಸಿ ಬಂದ ಬಾಗಿಲಿನಿಂದ ಸತ್ತ ಮೇಲೆ ಅವಳು ಹೋಗಲೊಲ್ಲಳು. ಊದಿದ್ದಳು, ಕಾಲುಗಳು ಸೆಟೆದಿದ್ದವು. ಟಾಂಗಾದವರೆಲ್ಲ ಬಂದು ಹಗ್ಗ ಹಾಕಿ ಎಳೆದರು. ಕೊನೆಗೆ ಖಾಸಿಂ ಚಾಚಾ ಹಾರೆಯಿಂದ ಚೌಕಟ್ಟು ಕಿತ್ತ. ಪರಸಿಯ ಮೇಲೆ ಅವಳ ಲಾಳಗಳು ಗೀಚಿದ ಸದ್ದಿಗೆ ಅವ್ವ ಕೂಸಿನ ಕಿವಿ ಮುಚ್ಚಿದಳು, ತನ್ನದನ್ನಲ್ಲ. ಹೊಲದಂಚಿನಲ್ಲಿ ಆಳದ ತಗ್ಗು ತೋಡಿ ಸುಣ್ಣ ಸುರಿದು ಮುಚ್ಚಿದರು. ನೆಲದ ಮೇಲಿನ ಗೀರುಗಳು ಮನೆ ಇರುವವರೆಗೂ ಉಳಿದವು. ಚೌಕಟ್ಟಿಲ್ಲದ ಬಾಗಿಲಿನ ಆ ಮನೆಯಲ್ಲಿ ನನ್ನ ಉಳಿದ ಬಾಲ್ಯವೆಲ್ಲ ಕಳೆಯಿತು.

ಸೂಜಿಮದ್ದು ಬಂದದ್ದು ಆಮೇಲೆ. ಡಾಕ್ಟರು ಮಾತು ಕೊಟ್ಟಿದ್ದರಲ್ಲ, ಚೀಲ ಹಿಡಿದು ಊರೂರು ತಿರುಗುತ್ತ ನಮ್ಮ ಓಣಿಗೂ ಬಂದರು. ನಮ್ಮಲ್ಲಿ ಚುಚ್ಚಲು ಕುದುರೆ ಇಲ್ಲವೆಂದು ಅವರಿಗೆ ಗೊತ್ತಿತ್ತು, ಆದರೂ ಬಂದರು. ಆಯಿ ಚಹಾ ಕೊಟ್ಟಳು. ಅವರು ಕುಡಿದು, ಖಾಲಿ ಛಪ್ಪರದ ಕಡೆ ನೋಡಿ, ಬರ್ತೇನ್ರಿ ಆಯಿ, ಎಂದು ಹೋದರು. ರೋಗ ಹತೋಟಿಗೆ ಬಂತು ಎಂದು ಜನ ಮಾತಾಡಿಕೊಂಡರು. ಬಂದಿರಬೇಕು. ನಮ್ಮ ಸ್ಟ್ಯಾಂಡಿನಲ್ಲಿ ಅದು ಹತ್ತಲು ಕುದುರೆಗಳೇ ಉಳಿದಿರಲಿಲ್ಲ.

ಅಪ್ಪ ಆಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಓಣಿಗೆಲ್ಲ ಕೇಳುವಂತೆ ಒಂದು ಜಗಳವಾಗಿ, ಅತ್ತು, ಮುಗಿಯುತ್ತಿತ್ತು. ಆಯಿ ತಾನಾಗಿಯೇ ಪಡಸಾಲೆ ಬಿಟ್ಟಳು. ಮಳೆಯಿರಲಿ ಚಳಿಯಿರಲಿ, ಬಿಜಲಿಯ ಛಪ್ಪರದಲ್ಲೇ ಮಲಗಿದಳು, ಅಲ್ಲೇ ತೀರಿಕೊಂಡಳು. ದತ್ತು ಬದುಕಿದ, ಗಟ್ಟಿಮುಟ್ಟಾಗಿ ಬೆಳೆದ. ಹಾಗಾದರೆ ಸಟವಿ ನೆಟ್ಟಗೇ ಬರೆದಳೆಂದು ಅನ್ನಬೇಕು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಅನ್ನಲಿಲ್ಲ. ಅಪ್ಪ ಗೊಬ್ಬೂರಿನ ಹೊಲಗಳಿಗೆ ಕೂಲಿಗೆ ಹೋಗತೊಡಗಿದ, ಮತ್ತೆ ಕುದುರೆಯ ಹಗ್ಗ ಮುಟ್ಟಲಿಲ್ಲ. ಅವನಲ್ಲಿ ಉಳಿದದ್ದು ಒಂದೇ ರೂಢಿ. ಮುಂಜಾನೆ ಎದ್ದ ಕೂಡಲೇ ಬಂದು ನನ್ನ, ದತ್ತುವಿನ ಹುಬ್ಬಿನ ಕೆಳಗೆ ಹೆಬ್ಬೆರಳಿಟ್ಟು ಮೆತ್ತಗೆ ಒತ್ತುತ್ತಿದ್ದ. ದತ್ತು ಅದನ್ನು ಆಶೀರ್ವಾದ ಎಂದುಕೊಂಡೇ ಬೆಳೆದ. ನಾನು ಹಾಗೆ ತಿಳಿಯುವಂತಿರಲಿಲ್ಲ.

ನಾನು ಒಳ್ಳೆಯ ಸುದ್ದಿಗೆ ಹೆದರುವ ಹೆಂಗಸಾದದ್ದು ಆ ಮನೆಯಲ್ಲಿ. ನನ್ನ ಕೈಹಿಡಿದವರು ಇದನ್ನು ಕೆಟ್ಟ ಸ್ವಭಾವ ಅಂದರು, ಮಕ್ಕಳು ಬಾಯಿಬಿಟ್ಟು ಬೈದರು. ಬಾಣಂತನದಲ್ಲಿ ಮಗಳು ಮೈ ತುಂಬಿಕೊಂಡು ನಗುತ್ತ ಎದುರಿಗೆ ಬಂದಾಗ ಅವಳನ್ನು ಮೊದಲು ಡಾಕ್ಟರ ಹತ್ತಿರ ಎಳೆದುಕೊಂಡು ಹೋದ ತಾಯಿ ನಾನು. ಏನೂ ಇರಲಿಲ್ಲ. ಅವಳು ತಿಂಗಳುಗಟ್ಟಲೆ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಅಪ್ಪನ ಕೊನೆಯ ವರ್ಷಗಳು ದತ್ತುವಿನ ಮನೆಯಲ್ಲಿ, ತುಂಬಿದ ಮನೆಯಲ್ಲಿ, ಸೊಸೆ ಮೊಮ್ಮಕ್ಕಳ ನಡುವೆ ಕಳೆದವು. ಬಹಳ ಸೊರಗಿದ್ದ, ಕಣ್ಣು ಒಳಗೆ ಹೋಗಿದ್ದವು. ಒಂದು ದಿನ ಕಲಬುರಗಿಯ ನನ್ನ ಮನೆಗೆ ದತ್ತುವಿನ ಫೋನು ಬಂತು. ಹಿಂದೆ ಮಕ್ಕಳ ನಗು ಕೇಳುತ್ತಿತ್ತು.

“ಅಕ್ಕಾ, ಅಪ್ಪ ಭಾಳ ಸುಧಾರ್ಸ್ಯಾನ. ಮಾರಿ ತುಂಬ್ಕೊಂಡು ಎಷ್ಟು ಛಂದ ಕಾಣಾಕತ್ಯಾನ ಅಂತಿ! ಬಂದು ನೋಡು.”

ನಾನು ಸಿಕ್ಕ ಬಸ್ಸು ಹಿಡಿದು ಹೋದೆ. ಚೌಡಾಪುರದ ಸ್ಟ್ಯಾಂಡಿನಲ್ಲಿ ಆಟೋದವರು ಗಾಣಗಾಪುರ, ಗಾಣಗಾಪುರ ಎಂದು ಕೂಗುತ್ತಿದ್ದರು. ಮನೆಯಲ್ಲಿ ಹಬ್ಬದ ಕಳೆ. ಸೊಸೆ ಹುಗ್ಗಿ ಮಾಡಿದ್ದಳು. ಅಪ್ಪ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ, ದುಂಡನೆಯ ಮುಖ, ಎಷ್ಟೋ ವರ್ಷ ಚಿಕ್ಕವನಾಗಿ ಕಾಣುತ್ತಿದ್ದ. ನಾನು ಹತ್ತಿರ ಕೂತೆ. ಅವನು ನನ್ನ ಕೈ ಹಿಡಿದು, ಹೆಬ್ಬೆರಳನ್ನು ಬಿಡಿಸಿ, ತನ್ನ ಕಣ್ಣಿನ ಮೇಲೆ ಇಟ್ಟುಕೊಂಡ. ಮೆತ್ತಗೆ, ಬೆಚ್ಚಗೆ, ಉಬ್ಬಿ ಬಂದಿತ್ತು.

“ತುಂಬ್ಯಾವ, ಹೌದಲ್ಲ ಭಾಗೂ?”

“ಹೌದಪ್ಪ. ತುಂಬ್ಯಾವ.”

ಒಳಗಿನಿಂದ ದತ್ತು ಊಟಕ್ಕೆ ಕರೆಯುತ್ತಿದ್ದ. ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಅವರಿಗಿ ಹೇಳಬ್ಯಾಡ. ಖುಷಿ ಅದಾರ.”

ನಾನು ಒಳಗೆ ಹೋಗಿ ಎಲ್ಲರ ಜೊತೆ ಕೂತು ಹುಗ್ಗಿ ತಿಂದೆ.